ತಾಲೀಮಿನಲ್ಲಿ ಬಂದ ಪ್ರಶ್ನೆ: ಪದವಿ ವಿದ್ಯಾರ್ಥಿಗಳ ಒಂದು ಸಂಶೋಧನಾ ಪೋಸ್ಟರ್‌ನ ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣದ ಇಬ್ಬರು ವಿದ್ಯಾರ್ಥಿಗಳು ಕಂಪ್ಯೂಟರ್ ವಿಜ್ಞಾನ ಪದವಿಯ ಕೊನೆಯ ಹಂತದಲ್ಲಿದ್ದವರು. ಅವರ ಹೆಸರು, ಓದಿದ ಸಂಸ್ಥೆ, ಸಮ್ಮೇಳನ, ಬಳಸಿಕೊಂಡ ತಂತ್ರಾಂಶಗಳು ಯಾವುವನ್ನೂ ಇಲ್ಲಿ ಹೇಳಿಲ್ಲ; ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಲಾಗಿದೆ. ಉದಾಹರಣೆಗಳಿಂದ ಕಲಿತು ಊಹಿಸುವ ಕಂಪ್ಯೂಟರ್ ಮಾಡೆಲ್ ಕಟ್ಟಿ ಪ್ರಯೋಗ ನಡೆಸಿದ್ದು ವಿದ್ಯಾರ್ಥಿನಿ. ದತ್ತಾಂಶ ಸಂಗ್ರಹಿಸಿ ಶುದ್ಧಗೊಳಿಸಿದ್ದು ಅವಳ ಜೊತೆಗಾರ. ಇಬ್ಬರಿಗೂ ಮಾರ್ಗದರ್ಶಕರು ಒಬ್ಬರೇ.

ತಂತ್ರಾಂಶ ಸರಿಯಾಗಿ ನಡೆಯುತ್ತಿದೆಯೇ ಎಂದು ಪರೀಕ್ಷಿಸುವ ಪುಟ್ಟ ಪ್ರೋಗ್ರಾಂಗಳಿಗೆ ಟೆಸ್ಟ್ ಎನ್ನುತ್ತಾರೆ. ಅವರು ಆರಿಸಿಕೊಂಡ ವಿಷಯ ಫ್ಲೇಕಿ ಟೆಸ್ಟ್‌ಗಳದು. ಕೋಡ್‌ನಲ್ಲಿ ಒಂದಕ್ಷರವೂ ಬದಲಾಗದಿದ್ದರೂ ಒಮ್ಮೆ ಪಾಸಾಗಿ ಇನ್ನೊಮ್ಮೆ ಫೇಲಾಗುವ ಟೆಸ್ಟ್‌ಗಳಿಗೆ ಈ ಹೆಸರಿದೆ. ತನ್ನ ಟೆಸ್ಟ್‌ಗಳಲ್ಲಿ ಸುಮಾರು 16% ಟೆಸ್ಟ್‌ಗಳಿಗೆ ಒಂದಲ್ಲ ಒಂದು ಮಟ್ಟದಲ್ಲಿ ಈ ಚಾಳಿಯಿದೆ ಎಂದು ಗೂಗಲ್ 2016ರಲ್ಲಿ ತಿಳಿಸಿತ್ತು. ಅದಕ್ಕೂ ಎರಡು ವರ್ಷ ಮೊದಲು, ಮುಕ್ತ ತಂತ್ರಾಂಶ ಸಂಸ್ಥೆಯಾದ ಅಪಾಚೆಯ 51 ಪ್ರಾಜೆಕ್ಟ್‌ಗಳಲ್ಲಿ ಇಂಥ ಟೆಸ್ಟ್‌ಗಳನ್ನು ಸರಿಪಡಿಸಿದ 201 ಬದಲಾವಣೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು ಮೂರು ಕಾರಣಗಳು ಮುಖ್ಯವೆಂದು ಕಂಡುಕೊಂಡಿತ್ತು: ಇನ್ನೊಂದು ಕೆಲಸ ಮುಗಿಯುವವರೆಗೆ ಸರಿಯಾಗಿ ಕಾಯದಿರುವುದು, ಒಂದೇ ಪ್ರೋಗ್ರಾಂನಲ್ಲಿ ಏಕಕಾಲದಲ್ಲಿ ಓಡುವ ಎಳೆಗಳ (ಥ್ರೆಡ್) ನಡುವಿನ ತಿಕ್ಕಾಟ, ಮತ್ತು ಟೆಸ್ಟ್‌ಗಳು ನಡೆಯುವ ಕ್ರಮದ ಮೇಲಿನ ಅವಲಂಬನೆ. ಇವುಗಳನ್ನು ಪತ್ತೆಹಚ್ಚುವ ನೇರ ದಾರಿಯೆಂದರೆ ಒಂದೇ ಟೆಸ್ಟನ್ನು ಮತ್ತೆ ಮತ್ತೆ ಓಡಿಸುವುದು. ಒಂದು ಸಂಶೋಧನೆಯಲ್ಲಿ 10,000 ಬಾರಿ ಓಡಿಸಿದ್ದೂ ಉಂಟು. ಅಷ್ಟು ಯಂತ್ರಸಮಯ ವಿದ್ಯಾರ್ಥಿಗಳಿಗೆ ಎಟುಕುವಂಥದ್ದಲ್ಲ. ಆದ್ದರಿಂದ ಟೆಸ್ಟ್‌ನ ಕೋಡ್‌ನಲ್ಲಿರುವ ಪದಗಳನ್ನಷ್ಟೇ ನೋಡಿ ಅದು ಫ್ಲೇಕಿ ಆಗಿರಬಹುದೇ ಎಂದು ಊಹಿಸುವ ವಿಧಾನವನ್ನು ಅವರು ಕೈಗೆತ್ತಿಕೊಂಡರು. 2020ರಿಂದೀಚೆಗೆ ಸಂಶೋಧಕರು ಚರ್ಚಿಸುತ್ತ ಬಂದಿರುವ ವಿಧಾನವಿದು. ಪದವಿ ವಿದ್ಯಾರ್ಥಿಗಳ ಅಳವಿಗೆ ತಕ್ಕದ್ದೂ ಹೌದು.

ಸಮ್ಮೇಳನವೊಂದರ ವಿದ್ಯಾರ್ಥಿ ಪೋಸ್ಟರ್ ಸ್ಪರ್ಧೆಗೆ ಸಾರಾಂಶ ಕಳುಹಿಸಿದರು, ಸ್ವೀಕೃತವಾಯಿತು. ಸ್ಪರ್ಧೆಯ ರೂಪ ಕಂಪ್ಯೂಟರ್ ತಜ್ಞರ ಅಂತಾರಾಷ್ಟ್ರೀಯ ಸಂಘವಾದ ಎಸಿಎಂ ಸಂಸ್ಥೆಯ ವಿದ್ಯಾರ್ಥಿ ಸಂಶೋಧನಾ ಸ್ಪರ್ಧೆಯದರಂತೆಯೇ ಇತ್ತು: ಮೊದಲ ಸುತ್ತಿನಲ್ಲಿ ಎಲ್ಲರೂ ಪೋಸ್ಟರ್ ಮುಂದೆ ನಿಂತು ವಿವರಿಸಬೇಕು, ತೀರ್ಪುಗಾರರು ಆರಿಸಿದವರು ಮಾತ್ರ ಎರಡನೆಯ ಸುತ್ತಿನಲ್ಲಿ ವೇದಿಕೆಯ ಮೇಲೆ ಮಾತನಾಡಬೇಕು.

ಮೊದಲ ಪೋಸ್ಟರ್

ಮೊದಲ ಕರಡು ಪ್ರಬಂಧವೊಂದನ್ನು ಗೋಡೆಗೆ ಹರಡಿದಂತಿತ್ತು. ಎಡಗಡೆ ಪೀಠಿಕೆ ಮತ್ತು ಹಿಂದಿನ ಸಂಶೋಧನೆಗಳು, ನಡುವೆ ವಿಧಾನ, ಬಲಗಡೆ ಫಲಿತಾಂಶ, ಕೆಳಗೆ ಉಪಸಂಹಾರ. ಮಾಡೆಲ್‌ನ ಎಫ್-1 ಅಂಕ 0.9ಕ್ಕಿಂತ ಮೇಲಿದೆ ಎಂಬ ಮಾತು ಬಲಗಡೆಯ ಕೋಷ್ಟಕದೊಳಗೆ ಹೂತುಹೋಗಿತ್ತು. ಒಟ್ಟು ಉತ್ತರಗಳಲ್ಲಿ ಎಷ್ಟು ಸರಿ ಎಂದು ಹೇಳುವ ನಿಖರತೆಯನ್ನು ಬಿಟ್ಟು, ಫ್ಲೇಕಿ ಆದವುಗಳನ್ನು ಎಷ್ಟು ತಪ್ಪಿಲ್ಲದೆ, ಎಷ್ಟು ಬಿಡದೆ ಹಿಡಿಯಿತು ಎಂಬುದನ್ನು ಸೊನ್ನೆಯಿಂದ ಒಂದರೊಳಗೆ ಅಳೆಯುವ ಎಫ್-1 ಅಂಕವನ್ನು ಆರಿಸಿಕೊಂಡದ್ದು ಮಾತ್ರ ಒಳ್ಳೆಯ ನಿರ್ಧಾರ. ನೂರು ಟೆಸ್ಟ್‌ಗಳಲ್ಲಿ ಐದು ಮಾತ್ರ ಫ್ಲೇಕಿ ಆಗಿದ್ದರೆ, ಯಾವುದೂ ಫ್ಲೇಕಿ ಅಲ್ಲ ಎಂದು ಕಣ್ಣುಮುಚ್ಚಿ ಹೇಳುವ ಮಾಡೆಲ್‌ಗೂ 95% ನಿಖರತೆ ಸಿಕ್ಕಿಬಿಡುತ್ತದೆ. ಎಫ್-1 ಅಂಕ ಅಂಥ ಮಾಡೆಲ್‌ಗೆ ಸೊನ್ನೆ ಕೊಡುತ್ತದೆ.

ಅಕ್ಷರಗಳು ಸಣ್ಣವಾಗಿದ್ದವು ಎಂಬುದನ್ನು ತೋರಿಸಲು ಮಾರ್ಗದರ್ಶಕರು ಸರಳವಾದ ಉಪಾಯ ಮಾಡಿದರು. ಎ0 ಹಾಳೆಯ ಅಳತೆ 841 × 1189 ಮಿಲಿಮೀಟರ್. ಎ4 ಹಾಳೆಯ ಉದ್ದಗಲಗಳಿಗಿಂತ ಅದು ಹೆಚ್ಚುಕಡಿಮೆ ನಾಲ್ಕು ಪಟ್ಟು. ಪೋಸ್ಟರನ್ನು ಎ4 ಹಾಳೆಯಲ್ಲಿ ಮುದ್ರಿಸಿ, ಪುಸ್ತಕ ಹಿಡಿದಂತೆ 40 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ, ಪೂರ್ಣ ಪೋಸ್ಟರ್ 1.6 ಮೀಟರ್ ದೂರದಿಂದ ಹೇಗೆ ಕಾಣುವುದೋ ಹಾಗೆಯೇ ಕಾಣುತ್ತದೆ. ಹಾಗೆ ಹಿಡಿದು ನೋಡಿದಾಗ ವಿಧಾನದ ಭಾಗವನ್ನು ಬರೆದವರಿಗೇ ಓದಲಾಗಲಿಲ್ಲ.

ಇನ್ನೊಂದು ವಿನ್ಯಾಸದ ಸಲಹೆಯೂ ಬಂತು. ಮನಶ್ಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಮೈಕ್ ಮಾರಿಸನ್ 2019ರಲ್ಲಿ ಪ್ರಚಾರಕ್ಕೆ ತಂದ ಮಾದರಿಯಲ್ಲಿ ಪೋಸ್ಟರ್‌ನ ನಡುಭಾಗವನ್ನೆಲ್ಲ ಒಂದೇ ವಾಕ್ಯಕ್ಕೆ, ಆಡುಮಾತಿನಲ್ಲಿ ಬರೆದ ಮುಖ್ಯ ಫಲಿತಾಂಶಕ್ಕೆ, ಬಿಟ್ಟುಕೊಡಲಾಗುತ್ತದೆ. ಉಳಿದದ್ದು ಅಂಚಿಗೆ ಅಥವಾ ಕ್ಯೂಆರ್ ಕೋಡ್‌ನ ಹಿಂದಕ್ಕೆ ಸರಿಯುತ್ತದೆ. ದೊಡ್ಡ ಸಭಾಂಗಣದಲ್ಲಿ ಹಾದುಹೋಗುವವರ ಕಣ್ಣು ಹಿಡಿಯಲು ಇದು ಸಮರ್ಥ ಮಾದರಿ. ಆದರೆ ಕಂಪ್ಯೂಟರ್ ವಿಜ್ಞಾನದ ಪ್ರಾಯೋಗಿಕ ಕೆಲಸಕ್ಕೆ ಇದನ್ನು ಇದ್ದಂತೆಯೇ ಎತ್ತಿಕೊಳ್ಳುವುದು ಜಾಣತನವಲ್ಲವೆಂದು ನನಗೆ ಅನ್ನಿಸುತ್ತದೆ. ಪ್ರಯೋಗ ಹೇಗೆ ನಡೆಯಿತು ಎಂಬುದು ಕಾಣದಿದ್ದರೆ ಬಲ್ಲವರು ಕೇಳಬೇಕಾದ ಪ್ರಶ್ನೆಯನ್ನು ಕೇಳುವುದಕ್ಕೇ ಆಗುವುದಿಲ್ಲ, ಮತ್ತು ಈ ಪ್ರಕರಣದಲ್ಲಿ ಎಲ್ಲವನ್ನೂ ಬದಲಿಸಿದ್ದು ಅಂಥದೊಂದು ಪ್ರಶ್ನೆಯೇ.

ತಾಲೀಮಿನ ದಿನ

ಮುದ್ರಣಕ್ಕೆ ಕಳುಹಿಸುವ ಮೊದಲು ವಿಭಾಗದಲ್ಲೊಂದು ತಾಲೀಮು ನಡೆಯಿತು. ಬೇರೆ ಪ್ರಯೋಗಾಲಯದ ಸಂಶೋಧನಾ ವಿದ್ಯಾರ್ಥಿಯೊಬ್ಬರು, ಫ್ಲೇಕಿ ಟೆಸ್ಟ್‌ಗಳ ಬಗ್ಗೆ ಹೆಚ್ಚೇನೂ ತಿಳಿಯದವರು, ಪೋಸ್ಟರ್‌ನ ಮೂಲೆಯಲ್ಲಿದ್ದ ಸ್ತಂಭನಕ್ಷೆಯ ಮುಂದೆ ನಿಂತರು. ಮಾಡೆಲ್ ಯಾವ ಪದಗಳಿಗೆ ಹೆಚ್ಚು ತೂಕ ಕೊಟ್ಟಿದೆ ಎಂಬುದನ್ನು ಆ ನಕ್ಷೆ ತೋರಿಸುತ್ತಿತ್ತು. ಮೇಲಿನ ಸಾಲುಗಳಲ್ಲಿ ಕಾಯುವಿಕೆ, ಎಳೆ, ಸಮಯ ಇವುಗಳಿಗೆ ಸಂಬಂಧಿಸಿದ ಪದಗಳಿದ್ದವು, ಅವು ನಿರೀಕ್ಷಿತವೇ. ಅವುಗಳ ಜೊತೆಗೇ ಎಲ್ಲಿಯೂ ಕೇಳಿರದ ಎರಡು ಮೂರು ಪದಗಳಿದ್ದವು. ಅವೇನೆಂದು ಕೇಳಿದಾಗ ಜೊತೆಗಾರ, ಅವು ಇಂಥ ಪ್ರಾಜೆಕ್ಟಿನ ಸಹಾಯಕ ಕ್ಲಾಸ್‌ಗಳ ಹೆಸರುಗಳೆಂದು ಉತ್ತರಿಸಿದ. ಮುಂದಿನ ಪ್ರಶ್ನೆ ತಾನಾಗಿಯೇ ಬಂತು: "ಒಂದೇ ಪ್ರಾಜೆಕ್ಟಿನ ಟೆಸ್ಟ್‌ಗಳು ತರಬೇತಿ ಭಾಗದಲ್ಲೂ ಮೌಲ್ಯಮಾಪನದ ಭಾಗದಲ್ಲೂ ಇವೆಯೇ?"

ಇದ್ದವು. ಎಲ್ಲ ಪ್ರಾಜೆಕ್ಟ್‌ಗಳ ಟೆಸ್ಟ್‌ಗಳನ್ನು ಒಟ್ಟುಗೂಡಿಸಿ ಯಾದೃಚ್ಛಿಕವಾಗಿ ಎರಡು ಭಾಗ ಮಾಡಿ, ಒಂದರಿಂದ ಮಾಡೆಲ್‌ಗೆ ಕಲಿಸಿ ಇನ್ನೊಂದರ ಮೇಲೆ ಪರೀಕ್ಷಿಸಲಾಗಿತ್ತು. ಫ್ಲೇಕಿ ಟೆಸ್ಟ್‌ಗಳಲ್ಲಿ ದೊಡ್ಡ ಪಾಲು ಕೆಲವೇ ಪ್ರಾಜೆಕ್ಟ್‌ಗಳಿಂದ ಬಂದಿದ್ದರಿಂದ, ಈ ಟೆಸ್ಟ್ ಯಾವ ಪ್ರಾಜೆಕ್ಟಿನದು ಎಂದು ಗುರುತಿಸಲು ಕಲಿತ ಮಾಡೆಲ್‌ಗೂ ಒಳ್ಳೆಯ ಅಂಕ ಬರುವಂತಿತ್ತು. ಕೋಡ್ ಮೇಲೆ ನಡೆಯುವ ಮಷೀನ್ ಲರ್ನಿಂಗ್‌ನಲ್ಲಿ ಇದಕ್ಕೆ ಹತ್ತಿರದ ಅಪಾಯವೊಂದು ಆಗಲೇ ದಾಖಲಾಗಿದೆ: ಒಂದೇ ಕೋಡ್‌ನ ನಕಲುಗಳು ಎರಡೂ ಭಾಗಗಳಲ್ಲಿ ಸೇರಿಕೊಂಡರೆ ಅಂಕಗಳು ಹೇಗೆ ಉಬ್ಬುತ್ತವೆ ಎಂಬುದನ್ನು ಮಿಲ್ಟಿಯಾಡಿಸ್ ಅಲಮಾನಿಸ್ 2019ರಲ್ಲಿ ತೋರಿಸಿದ್ದರು. ವಿದ್ಯಾರ್ಥಿಗಳು ನಕಲುಗಳನ್ನೇನೋ ತೆಗೆದುಹಾಕಿದ್ದರು. ಆದರೆ ನಕಲಲ್ಲದಿದ್ದರೂ ಒಂದೇ ಪ್ರಾಜೆಕ್ಟಿನ ಟೆಸ್ಟ್‌ಗಳು ಒಂದೇ ಪದಕೋಶವನ್ನು ಹಂಚಿಕೊಳ್ಳುತ್ತವೆ ಎಂಬುದು ಗಮನಕ್ಕೆ ಬಂದಿರಲಿಲ್ಲ.

ಸುಳಿವು ಅವರದೇ ಪೋಸ್ಟರ್‌ನಲ್ಲಿತ್ತು ಎಂಬುದು ಇಲ್ಲಿ ಮುಖ್ಯ. ಕೋಷ್ಟಕದಲ್ಲಿನ ಅಂಕವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಮಾಡೆಲ್ ಏನನ್ನು ನೋಡಿ ನಿರ್ಧರಿಸುತ್ತಿದೆ ಎಂಬುದನ್ನು ತೋರಿಸುವ ನಕ್ಷೆಯಿದ್ದದ್ದರಿಂದ, ವಿಷಯತಜ್ಞರಲ್ಲದವರೊಬ್ಬರು ಅರೆನಿಮಿಷದಲ್ಲಿ ಅಲ್ಲಿಗೆ ತಲುಪಿದರು. ಆ ನಕ್ಷೆ ಪೋಸ್ಟರ್ ಸೇರಿದ್ದು ಮೂಲೆಯಲ್ಲಿ ಖಾಲಿ ಜಾಗ ಉಳಿದಿತ್ತು ಎಂಬ ಕಾರಣಕ್ಕೆ.

ನಾಲ್ಕು ದಾರಿಗಳು

ಅಂದೇ ರಾತ್ರಿ ವಿದ್ಯಾರ್ಥಿನಿ ಪ್ರಯೋಗವನ್ನು ಬೇರೆ ರೀತಿಯಲ್ಲಿ ನಡೆಸಿದಳು. ಪ್ರತಿ ಸಲವೂ ಒಂದು ಪ್ರಾಜೆಕ್ಟನ್ನು ಪೂರ್ತಿಯಾಗಿ ಬದಿಗಿಟ್ಟು, ಉಳಿದವುಗಳಿಂದ ಮಾಡೆಲ್‌ಗೆ ಕಲಿಸಿ, ಬದಿಗಿಟ್ಟದ್ದರ ಮೇಲೆ ಪರೀಕ್ಷಿಸುವ ಕ್ರಮವದು. ಅಂಕ 0.6ರ ಆಸುಪಾಸಿಗೆ ಇಳಿಯಿತು. ಕೆಲವು ಪ್ರಾಜೆಕ್ಟ್‌ಗಳಲ್ಲಿ ಅದಕ್ಕಿಂತಲೂ ಕೆಳಗೆ.

ಮರುದಿನದ ಸಭೆಯಲ್ಲಿ ಅವರ ಮುಂದೆ ನಾಲ್ಕು ದಾರಿಗಳಿದ್ದವು. ಹಳೆಯ ಅಂಕವನ್ನೇ ಇಟ್ಟುಕೊಳ್ಳುವುದು, ಏಕೆಂದರೆ ಯಾದೃಚ್ಛಿಕ ವಿಂಗಡಣೆ ಚಾಲ್ತಿಯಲ್ಲಿರುವ ಪದ್ಧತಿಯೇ, ಮತ್ತು ಸಾರಾಂಶ ಸ್ವೀಕೃತವಾದದ್ದೂ ಅದರ ಮೇಲೆಯೇ. ಹೊಸ ಅಂಕವನ್ನು ಹಳೆಯದರ ಜಾಗದಲ್ಲಿ ಕೂರಿಸಿ ಉಳಿದದ್ದನ್ನು ಹಾಗೆಯೇ ಬಿಡುವುದು. ಎರಡೂ ಅಂಕಗಳ ನಡುವಿನ ಅಂತರವನ್ನೇ ಪೋಸ್ಟರ್‌ನ ವಿಷಯವಾಗಿಸುವುದು. ಇಲ್ಲವೇ ಹಿಂದೆ ಸರಿಯುವುದು.

ಹಿಂದೆ ಸರಿಯುವ ಮಾತು ಬಹಳ ಹೊತ್ತು ನಿಲ್ಲಲಿಲ್ಲ. ಮೊದಲನೆಯದನ್ನು ಜೊತೆಗಾರ ಸ್ವಲ್ಪ ಹೊತ್ತು ಸಮರ್ಥಿಸಿದ. ಅವನ ವಾದದಲ್ಲಿ ಅಪ್ರಾಮಾಣಿಕತೆಯೇನೂ ಇರಲಿಲ್ಲ. ಬೇರೆಯವರು ಅನುಸರಿಸಿದ ಕ್ರಮವನ್ನೇ ಅನುಸರಿಸಿ, ಹಾಗೆಂದು ಸ್ಪಷ್ಟವಾಗಿ ಬರೆದರೆ ತಪ್ಪೇನು ಎಂಬುದು ಅವನ ಪ್ರಶ್ನೆ. ಗೊತ್ತಾಗುವ ಮೊದಲು ಅದು ತಪ್ಪಾಗಿರಲಿಲ್ಲ, ಗೊತ್ತಾದ ಮೇಲೆ ಆಗುತ್ತದೆ ಎಂದು ವಿದ್ಯಾರ್ಥಿನಿ ಹೇಳಿದಳು. ವಿದ್ಯಾರ್ಥಿನಿಗೆ ಒಪ್ಪಿಗೆಯಾಗಿದ್ದದ್ದು ಎರಡನೆಯ ದಾರಿ. ಅದರ ತೊಂದರೆ ಬೇರೆ ತೆರನಾದದ್ದು: 0.6ರ ಆಸುಪಾಸಿನ ಅಂಕವನ್ನು ಸಾಧನೆಯೆಂಬಂತೆ ಮಂಡಿಸಿದರೆ, ನೋಡಿದವರು ತಲೆಯಾಡಿಸಿ ಮುಂದಿನ ಪೋಸ್ಟರ್‌ಗೆ ಹೋಗುತ್ತಾರೆ. ಮಾರ್ಗದರ್ಶಕರು ತಮ್ಮ ಆಯ್ಕೆಯನ್ನು ಹೇಳಲಿಲ್ಲ, "ಎರಡು ಗಂಟೆ ಅಲ್ಲಿ ನಿಂತಿರುತ್ತೀರಿ, ಜನ ನಿಮ್ಮನ್ನು ಯಾವುದರ ಬಗ್ಗೆ ಕೇಳಬೇಕು ಅಂತ ನಿಮಗಿದೆ?" ಎಂದಷ್ಟೇ ಕೇಳಿದರು. ಇಬ್ಬರೂ ಮೂರನೆಯ ದಾರಿಗೆ ಬಂದರು.

ಈ ಪ್ರಕರಣದಲ್ಲಿ ನನಗೆ ಅತ್ಯಂತ ಗಮನಾರ್ಹವೆನಿಸುವುದು ಈ ತಿರುವು. ಪೋಸ್ಟರನ್ನು ಪ್ರಬಂಧದ ಸಂಕ್ಷಿಪ್ತ ರೂಪವೆಂದು ಭಾವಿಸಿದವರಿಗೆ ಅದರಲ್ಲಿ ಏನನ್ನು ಬಿಡಬೇಕು ಎಂಬುದೇ ಚಿಂತೆಯಾಗಿರುತ್ತದೆ. ಅದು ಅಪರಿಚಿತರೊಡನೆ ನಡೆಯಲಿರುವ ಸಂಭಾಷಣೆಯ ಆರಂಭವೆಂದು ಭಾವಿಸಿದರೆ, ಸಂಶೋಧನೆಯ ಅತ್ಯಂತ ದುರ್ಬಲವೆಂದು ತೋರುವ ಭಾಗವೇ ಮಾತಿಗೆ ಅತ್ಯಂತ ಯೋಗ್ಯವಾದ ಭಾಗವಾಗಿರಬಹುದು.

ಸಾರಾಂಶದ ತೊಡಕು ಉಳಿದಿತ್ತು. ಅದು ಹಳೆಯ ಅಂಕದೊಡನೆ ಕಾರ್ಯಕ್ರಮ ಪಟ್ಟಿಯಲ್ಲಿ ಆಗಲೇ ಅಚ್ಚಾಗಿತ್ತು. ವಿದ್ಯಾರ್ಥಿಗಳು ಸಂಘಟಕರಿಗೆ ಚಿಕ್ಕ ಪತ್ರವೊಂದನ್ನು ಬರೆದು, ಮೌಲ್ಯಮಾಪನದ ಕ್ರಮ ಬದಲಾಗಿದೆ, ಮುಖ್ಯ ಹೇಳಿಕೆಯೂ ಬದಲಾಗಿದೆ, ಇದಕ್ಕೆ ಒಪ್ಪಿಗೆಯಿದೆಯೇ ಎಂದು ವಿಚಾರಿಸಿದರು. ಬದಲಾವಣೆಯನ್ನು ಪೋಸ್ಟರ್ ಮೇಲೆಯೇ ನಮೂದಿಸಿದರೆ ಅಡ್ಡಿಯಿಲ್ಲವೆಂದು ಉತ್ತರ ಬಂತು. ಈ ಪತ್ರಕ್ಕೆ ಹತ್ತು ನಿಮಿಷವೂ ಹಿಡಿದಿರಲಾರದು, ಆದರೆ ಅದಿಲ್ಲದೆ ಹೋಗಿದ್ದರೆ, ಸಾರಾಂಶ ಓದಿಕೊಂಡು ಬಂದ ತೀರ್ಪುಗಾರರಿಗೆ ಪೋಸ್ಟರ್‌ನ ಅಂಕ ನೋಡಿ ಏನೋ ಎಡವಟ್ಟಾಗಿದೆ ಎಂದೇ ಅನ್ನಿಸುತ್ತಿತ್ತು.

ಎರಡನೆಯ ಪೋಸ್ಟರ್

ಹೊಸ ಪೋಸ್ಟರ್‌ನ ತಲೆಬರಹ ಒಂದು ಪ್ರಶ್ನೆಯಾಗಿತ್ತು: ಮಾಡೆಲ್ ಕಲಿತದ್ದು ಫ್ಲೇಕಿ ಟೆಸ್ಟ್‌ಗಳ ಲಕ್ಷಣವನ್ನೋ, ಪ್ರಾಜೆಕ್ಟಿನ ಗುರುತನ್ನೋ? ನಡುವೆ ಒಂದೇ ನಕ್ಷೆ. ಪ್ರತಿ ಪ್ರಾಜೆಕ್ಟಿಗೂ ಎರಡು ಚುಕ್ಕೆ, ಯಾದೃಚ್ಛಿಕ ವಿಂಗಡಣೆಯಲ್ಲಿ ಬಂದ ಅಂಕ ಮತ್ತು ಪ್ರಾಜೆಕ್ಟ್‌ವಾರು ವಿಂಗಡಣೆಯಲ್ಲಿ ಬಂದ ಅಂಕ, ಅವೆರಡನ್ನೂ ಸೇರಿಸುವ ಒಂದು ಗೆರೆ. ಉದ್ದ ಗೆರೆಯಿದ್ದಲ್ಲಿ ಕುಸಿತ ದೊಡ್ಡದು ಎಂಬುದು ಒಂದು ಪದವನ್ನೂ ಓದದೆ ತಿಳಿಯುತ್ತಿತ್ತು. ಮೊದಲು ಚುಕ್ಕೆಗಳು ಕೆಂಪು ಮತ್ತು ಹಸಿರಾಗಿದ್ದವು; ಆ ಎರಡು ಬಣ್ಣಗಳನ್ನು ಬೇರ್ಪಡಿಸಿ ಕಾಣಲಾಗದವರು ಸಭಾಂಗಣದಲ್ಲಿ ಇದ್ದೇ ಇರುತ್ತಾರೆಂದು ನೀಲಿ ಮತ್ತು ಕಿತ್ತಳೆಗೆ ಬದಲಿಸಿ, ಒಂದನ್ನು ಚೌಕವಾಗಿಸಿದರು. ಮೂಲೆಯಲ್ಲಿದ್ದ ಪದಗಳ ನಕ್ಷೆ ನಡುವಿನ ನಕ್ಷೆಯ ಪಕ್ಕಕ್ಕೆ ಬಂತು, ಪ್ರಾಜೆಕ್ಟಿನ ಹೆಸರಿನಂಥ ಪದಗಳಿಗೆ ಬೇರೆ ಬಣ್ಣ ಕೊಡಲಾಯಿತು. ಹಿಂದಿನ ಸಂಶೋಧನೆಗಳ ಭಾಗ ಎರಡು ಸಾಲಿಗೆ ಇಳಿಯಿತು. ಕೋಡ್ ಮತ್ತು ದತ್ತಾಂಶಕ್ಕೆ ಕ್ಯೂಆರ್ ಕೋಡ್; ಸಾರಾಂಶದಲ್ಲಿನ ಅಂಕ ಏಕೆ ಬೇರೆ ಎಂಬುದಕ್ಕೆ ಕೆಳಗೊಂದು ಟಿಪ್ಪಣಿ.

ಏನು ಹೇಳಬೇಕು ಎಂಬುದನ್ನೂ ಹೊಸದಾಗಿ ಸಿದ್ಧಪಡಿಸಿಕೊಂಡರು. ಬಾಯಿಪಾಠವಾಗಿದ್ದ ಐದು ನಿಮಿಷಗಳ ವಿವರಣೆಯನ್ನು ಕೈಬಿಟ್ಟು, ಅರೆನಿಮಿಷದ ಒಂದು ಆರಂಭವನ್ನೂ, ಕೇಳುಗರು ಉಳಿದರೆ ಮುಂದುವರಿಸಬಹುದಾದ ಎರಡು ನಿಮಿಷಗಳ ವಿವರಣೆಯನ್ನೂ ಇಟ್ಟುಕೊಂಡರು. ಇಬ್ಬರೂ ಒಬ್ಬರ ಮಾತಿಗೆ ಒಬ್ಬರು ಬಾಯಿ ಹಾಕುವುದು ತಾಲೀಮಿನಲ್ಲಿ ಎದ್ದು ಕಂಡಿತ್ತು. ಆದ್ದರಿಂದ ಒಬ್ಬರು ಮಾತಿನಲ್ಲಿ ತೊಡಗಿದರೆ ಇನ್ನೊಬ್ಬರು ಪೋಸ್ಟರ್‌ನ ಆಚೆ ಬದಿಗೆ ಸರಿದು, ಹೊಸದಾಗಿ ಬಂದವರಿಗೆ ಸಿಗುವಂತೆ ನಿಲ್ಲಬೇಕೆಂದು ಗೊತ್ತುಮಾಡಿಕೊಂಡರು.

ಪ್ರದರ್ಶನದ ದಿನ ನಡೆದದ್ದು

ಮೊದಲ ಅರ್ಧ ಗಂಟೆ ಬಂದವರಲ್ಲಿ ಹೆಚ್ಚಿನವರು ಇತರ ವಿದ್ಯಾರ್ಥಿಗಳು. ಅವರಿಗೆ ಫ್ಲೇಕಿ ಟೆಸ್ಟ್ ಎಂದರೇನೆಂಬುದನ್ನೇ ಮೊದಲು ವಿವರಿಸಬೇಕಾಯಿತು. ಕಾರಣವಿಲ್ಲದೆ ಫೇಲಾಗಿ, ಮತ್ತೆ ಓಡಿಸಿದರೆ ಪಾಸಾದ ಟೆಸ್ಟ್ ನಿಮಗೆ ಸಿಕ್ಕಿದೆಯೇ ಎಂಬ ಪ್ರಶ್ನೆಯಿಂದ ಶುರುಮಾಡಿದಾಗ ಮಾತು ಸುಲಭವಾಗಿ ಬೆಳೆಯುತ್ತಿತ್ತು. ಈ ಭಾಗದಲ್ಲಿ ಹೇಳಬೇಕಾದ ವಿಶೇಷವೇನೂ ಇಲ್ಲ.

ಆಮೇಲೆ ಬಂದ ಇಬ್ಬರ ಮಾತುಗಳು ಪ್ರಕರಣವನ್ನು ಮುಂದಕ್ಕೊಯ್ದವು. ಒಬ್ಬರು ಉದ್ಯಮದಲ್ಲಿ ಟೆಸ್ಟಿಂಗ್ ವಿಭಾಗ ನೋಡಿಕೊಳ್ಳುವವರು. ನಕ್ಷೆಯನ್ನು ನೋಡಿದ ಅವರು, ಪ್ರಾಜೆಕ್ಟ್‌ವಾರು ವಿಂಗಡಣೆಯೇ ಸರಿ ಎಂಬ ನಿಲುವನ್ನು ಒಪ್ಪಲಿಲ್ಲ. ತಮ್ಮಲ್ಲಿ ಮಾಡೆಲ್ ಬಳಕೆಯಾಗುವುದು ಒಂದೇ ಪ್ರಾಜೆಕ್ಟಿನೊಳಗೆ, ನಿನ್ನೆಯವರೆಗಿನ ಟೆಸ್ಟ್‌ಗಳಿಂದ ಕಲಿತು ನಾಳೆ ಬರೆಯಲಿರುವ ಟೆಸ್ಟ್ ಹೇಗಿರಬಹುದೆಂದು ಹೇಳುವುದಕ್ಕೆ. ಹಾಗಿದ್ದಾಗ ಪ್ರಾಜೆಕ್ಟಿನ ಪದಗಳನ್ನು ಕಲಿಯುವುದು ದೋಷವಲ್ಲ, ಉಪಯೋಗ. ಅವರ ಪ್ರಕಾರ ವಿಂಗಡಿಸಬೇಕಾದದ್ದು ಕಾಲಾನುಕ್ರಮದಲ್ಲಿ. ವಿದ್ಯಾರ್ಥಿನಿ ಇದಕ್ಕೆ ಪ್ರತಿವಾದ ಹೂಡಲಿಲ್ಲ. ಪೋಸ್ಟರ್ ಪಕ್ಕದಲ್ಲಿಟ್ಟಿದ್ದ ಪುಸ್ತಕದಲ್ಲಿ ಅದನ್ನು ಬರೆದುಕೊಂಡು, ಹಾಗಾದರೆ ಹೊಸದಾಗಿ ಶುರುವಾದ, ಹಿಂದಿನ ಟೆಸ್ಟ್‌ಗಳೇ ಇಲ್ಲದ ಪ್ರಾಜೆಕ್ಟಿಗೆ ಏನು ಮಾಡುತ್ತೀರಿ ಎಂದು ಕೇಳಿದಳು. ಆ ಸಂದರ್ಭಕ್ಕೆ ನಿಮ್ಮ ವಿಂಗಡಣೆ ಸರಿ ಎಂದು ಅವರು ಒಪ್ಪಿಕೊಂಡರು. ಯಾವ ವಿಂಗಡಣೆ ಸರಿ ಎಂಬುದು ಮಾಡೆಲ್ ಎಲ್ಲಿ ಬಳಕೆಯಾಗುತ್ತದೆ ಎಂಬುದನ್ನು ಅವಲಂಬಿಸಿದೆ ಎಂಬ ವಿವೇಕ, ಪೋಸ್ಟರ್‌ನಲ್ಲಿ ಇಲ್ಲದ್ದು, ಪೋಸ್ಟರ್ ಮುಂದೆ ನಡೆದ ಮಾತಿನಿಂದ ದೊರೆಯಿತು.

ಇನ್ನೊಬ್ಬರು ತೀರ್ಪುಗಾರರು. ವಿವರಣೆಯನ್ನೆಲ್ಲ ಕೇಳಿ, ಟಿಪ್ಪಣಿಯನ್ನೂ ಓದಿ, ಅವರು ಕೇಳಿದ್ದು ಒಂದೇ: ಟೆಸ್ಟ್‌ನಲ್ಲಿ ಸ್ಲೀಪ್ ಆದೇಶ (ಇಷ್ಟು ಹೊತ್ತು ಸುಮ್ಮನೆ ಕಾಯಿ ಎನ್ನುವುದು) ಇದ್ದರೆ ಫ್ಲೇಕಿ, ಇಲ್ಲದಿದ್ದರೆ ಅಲ್ಲ ಎಂಬ ಒಂದು ಸಾಲಿನ ನಿಯಮಕ್ಕೆ ಎಷ್ಟು ಅಂಕ ಬರುತ್ತದೆ? ಸರಿಯಾಗಿ ಕಾಯದಿರುವುದೇ ಮುಖ್ಯ ಕಾರಣಗಳಲ್ಲೊಂದು ಎಂದು ಪೋಸ್ಟರ್‌ನಲ್ಲೇ ಬರೆದಿದ್ದರಿಂದ ಆ ಪ್ರಶ್ನೆ ನ್ಯಾಯವಾದದ್ದು. ಅದನ್ನು ಅಳೆದಿರಲಿಲ್ಲ. ಜೊತೆಗಾರ ಒಂದು ಅಂದಾಜು ಹೇಳಲು ಬಾಯ್ತೆರೆದನಾದರೂ, ವಿದ್ಯಾರ್ಥಿನಿ, ನಾವು ಅಳೆದಿಲ್ಲ, ಅಳೆಯಬೇಕಿತ್ತು ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದಳು. ತೀರ್ಪುಗಾರರು ಬರೆದುಕೊಂಡು ಮುಂದೆ ಹೋದರು.

ಎರಡನೆಯ ಸುತ್ತಿಗೆ ಅವರು ಆಯ್ಕೆಯಾಗಲಿಲ್ಲ. ಲಿಖಿತ ಅಭಿಪ್ರಾಯದಲ್ಲಿ ಪ್ರಶ್ನೆ ಚೆನ್ನಾಗಿದೆ, ಮಂಡನೆ ಪ್ರಾಮಾಣಿಕವಾಗಿದೆ, ಸರಳ ಆಧಾರವಿಧಾನದೊಡನೆ ಹೋಲಿಕೆಯಿಲ್ಲ ಎಂದಿತ್ತು. ಈ ತೀರ್ಪು ಸರಿಯಾದದ್ದೆಂದೇ ನನ್ನ ಅಭಿಪ್ರಾಯ. ಪ್ರಾಮಾಣಿಕವಾಗಿ ಮಂಡಿಸಿದ ಮಾತ್ರಕ್ಕೆ ಸಂಶೋಧನೆಯ ಕೊರತೆ ತುಂಬಿಹೋಗುವುದಿಲ್ಲ. ಇಲ್ಲಿ ಬಹುಮಾನ ಬಂದಿದ್ದರೆ ಕಥೆ ಚೆಂದವಾಗುತ್ತಿತ್ತು, ಆದರೆ ಸ್ಪರ್ಧೆಗಳು ಹಾಗೆ ನಡೆಯುವುದಿಲ್ಲ, ನಡೆಯಬೇಕಾಗಿಯೂ ಇಲ್ಲ.

ಆನಂತರ ಆ ಒಂದು ಸಾಲಿನ ನಿಯಮವನ್ನು ಅಳೆದಾಗ, ಪ್ರಾಜೆಕ್ಟ್‌ವಾರು ವಿಂಗಡಣೆಯಲ್ಲಿ ಕೆಲವು ಪ್ರಾಜೆಕ್ಟ್‌ಗಳ ಮಟ್ಟಿಗೆ ಅದು ಮಾಡೆಲ್‌ಗಿಂತ ಹೆಚ್ಚೇನೂ ಹಿಂದಿರಲಿಲ್ಲ. ಮೂರು ವಿಂಗಡಣೆಗಳನ್ನೂ ಆ ನಿಯಮವನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸುವ ಕೆಲಸವೇ ವಿದ್ಯಾರ್ಥಿನಿಯ ಪದವಿಯ ಅಂತಿಮ ವರದಿಯಾಯಿತು. ಜೊತೆಗಾರ ಬೇರೆ ವಿಷಯಕ್ಕೆ ಹೋದ.

ಇತರರಿಗೆ ಇದರಿಂದ ದೊರೆಯುವುದು

ಈ ಪ್ರಕರಣದ ನಂತರ ಆ ವಿಭಾಗದಲ್ಲಿ ಬದಲಾದದ್ದು ತಾಲೀಮಿನ ಸಮಯ ಮತ್ತು ಅದಕ್ಕೆ ಕರೆಯುವ ಜನ. ಮುದ್ರಣವಾದ ಮೇಲೆ ನಡೆಯುವ ತಾಲೀಮಿನಲ್ಲಿ ಮಾತಿನ ಓಘವನ್ನಷ್ಟೇ ತಿದ್ದಬಹುದು. ಪ್ರಯೋಗವನ್ನು ಮತ್ತೊಮ್ಮೆ ನಡೆಸುವಷ್ಟು ಮುಂಚಿತವಾಗಿ ನಡೆದರೆ ಮಾತ್ರ ಅದರಲ್ಲಿ ಬಂದ ಪ್ರಶ್ನೆಗೆ ಬೆಲೆಯಿರುತ್ತದೆ. ಕರೆಯಬೇಕಾದದ್ದು ಅದೇ ಪ್ರಯೋಗಾಲಯದವರನ್ನಲ್ಲ, ಏಕೆಂದರೆ ಅವರೂ ಅದೇ ಊಹೆಗಳಿಗೆ ಒಗ್ಗಿಹೋಗಿರುತ್ತಾರೆ. ಮಾಡೆಲ್ ಏನನ್ನು ನೋಡುತ್ತಿದೆ ಎಂಬುದನ್ನು ತೋರಿಸುವ ಚಿತ್ರವೊಂದು ಪೋಸ್ಟರ್‌ನಲ್ಲಿ ಇರಲೇಬೇಕೆಂಬ ಒತ್ತಾಯವನ್ನೂ ಮಾರ್ಗದರ್ಶಕರು ಆಮೇಲೆ ಬಿಟ್ಟಿಲ್ಲ. ಅತಿ ಸರಳವಾದ ನಿಯಮವೊಂದಕ್ಕೆ ಎಷ್ಟು ಅಂಕ ಬರುತ್ತದೆ ಎಂಬ ಸಾಲು ಈಗ ಸಾರಾಂಶದ ಹಂತದಲ್ಲೇ ಬರಬೇಕು.

ಒಂದು ಪ್ರಶ್ನೆಯನ್ನು ಓದುಗರು ಕೇಳಬಹುದು: ವಿಂಗಡಣೆಯ ಪ್ರಶ್ನೆ ತಾಲೀಮಿನಲ್ಲಿ ಬಾರದೆ, ಅಚ್ಚಾದ ಪೋಸ್ಟರ್ ಮುಂದೆ ನಿಂತಾಗ ತೀರ್ಪುಗಾರರಿಂದಲೇ ಬಂದಿದ್ದರೆ? ಆಗ ಮಾಡಬಹುದಾದದ್ದು ಸ್ವಲ್ಪವೇ. ವಿಂಗಡಣೆ ಹೇಗೆ ಆಯಿತೆಂದು ಇದ್ದದ್ದನ್ನು ಇದ್ದಂತೆ ಹೇಳುವುದು, ಅಂಕ ಅದರಿಂದ ಉಬ್ಬಿರುವ ಸಾಧ್ಯತೆಯನ್ನು ತಾವೇ ಒಪ್ಪಿಕೊಳ್ಳುವುದು, ಯಾವ ಪ್ರಯೋಗದಿಂದ ಅದು ತಿಳಿಯುತ್ತದೆ ಎಂದು ವಿವರಿಸುವುದು. ದತ್ತಾಂಶ ಚಿಕ್ಕದಿದ್ದು ಲ್ಯಾಪ್‌ಟಾಪ್ ಕೈಯಲ್ಲಿದ್ದರೆ, ಇಬ್ಬರಲ್ಲಿ ಒಬ್ಬರು ಹೋಗಿ ಪ್ರಯೋಗವನ್ನು ನಡೆಸಿಯೇ ಬರಬಹುದು. ಪದಗಳ ಎಣಿಕೆಯ ಮೇಲೆ ನಿಂತ ಇಂಥ ಮಾಡೆಲ್‌ಗಳು ಸಾಧಾರಣ ಯಂತ್ರದಲ್ಲೂ ಬೇಗ ತರಬೇತಿ ಪಡೆಯುತ್ತವೆ. ಬಂದ ಅಂಕವನ್ನು ಚೀಟಿಯಲ್ಲಿ ಬರೆದು ಹಳೆಯ ಅಂಕದ ಪಕ್ಕದಲ್ಲಿ ಅಂಟಿಸಬೇಕು. ಹಳೆಯದನ್ನು ಮುಚ್ಚಬಾರದು, ಏಕೆಂದರೆ ಮುಂದೆ ಬರುವವರು ಕೇಳಬೇಕಾದದ್ದು ಆ ಎರಡು ಅಂಕಗಳ ನಡುವಿನ ಅಂತರದ ಬಗ್ಗೆಯೇ.